ಕನ್ನಡದಿಂದ ವಿನಾಯಿತಿ

ಓದು ಹತ್ತದ ಹುಡುಗನನ್ನು ಕರೆಯಲು ನಮ್ಮ ಭಾಷೆಯಲ್ಲಿ ಮಾತುಗಳಿಗೆ ಬಡತನವಿಲ್ಲ. ದಡ್ಡ, ಮೊದ್ದು, ಶುಂಠ, ಕೋಣ—ಒಬ್ಬೊಬ್ಬ ಉಪಾಧ್ಯಾಯರೂ ತಮಗೆ ರುಚಿಸಿದ್ದನ್ನು ಆರಿಸಿಕೊಳ್ಳುತ್ತಿದ್ದರು. ಈಗ ಅವು ಸ್ವಲ್ಪ ಹಿಂದೆ ಸರಿದಿವೆ. ಅವುಗಳ ಜಾಗದಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಮಾತು ಬಂದು ಕುಳಿತಿದೆ. ಕಿವಿಗೆ ಅಷ್ಟು ಸೊಗಸಿಲ್ಲ. ಆದರೆ ಅದರಲ್ಲಿ ಒಂದು ನ್ಯಾಯವಿದೆ. ಬುದ್ಧಿ ಚುರುಕಾಗಿಯೇ ಇದೆ, ಕಣ್ಣು ಕಿವಿಗಳಲ್ಲಿ ಊನವಿಲ್ಲ, ಹೇಳಿಕೊಡುವವರೂ ಇದ್ದಾರೆ. ಆದರೂ ಓದುವುದೋ ಬರೆಯುವುದೋ ಲೆಕ್ಕ ಮಾಡುವುದೋ ಒಂದು ಮಾತ್ರ ಕೈಗೆ ಹತ್ತುವುದಿಲ್ಲ ಎಂಬ ಸ್ಥಿತಿ ಇರಬಹುದೆಂದು ಆ ಮಾತು ಒಪ್ಪಿಕೊಳ್ಳುತ್ತದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. 2016ರ ಕಾಯಿದೆ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಇದೂ ಸೇರಿತು.

ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ಹೆಚ್ಚಿನ ಕಾಲ, ಹೇಳಿದ್ದನ್ನು ಬರೆದುಕೊಡುವ ಸಹಾಯಕ, ಭಾಷೆಯ ವಿಷಯದಲ್ಲಿ ವಿನಾಯಿತಿ ಮುಂತಾದ ಅನುಕೂಲಗಳುಂಟು. ಇವುಗಳಿಗೆ ಎದುರಾಗಿ ಕೇಳಿಬರುವ ಆಕ್ಷೇಪವನ್ನು ಓದುಗರೂ ಕೇಳಿರಬಹುದು: ಒಬ್ಬನಿಗೆ ಹೆಚ್ಚು ಹೊತ್ತು ಕೊಟ್ಟರೆ ಮಿಕ್ಕವರಿಗೆ ಅನ್ಯಾಯವಲ್ಲವೇ? ಈ ಆಕ್ಷೇಪ ಅಷ್ಟೇನೂ ತೂಕದ್ದೆಂದು ನನಗೆ ತೋರುವುದಿಲ್ಲ. ಚರಿತ್ರೆಯ ಪರೀಕ್ಷೆ ಅಳೆಯಬೇಕಾದದ್ದು ಚರಿತ್ರೆಯ ಅರಿವನ್ನು, ಕೈ ಓಡುವ ವೇಗವನ್ನಲ್ಲ. ಬರವಣಿಗೆಯ ತೊಡಕಿದ್ದ ಒಬ್ಬ ವಿದ್ಯಾರ್ಥಿನಿಗೆ ನೀಟ್ ಪರೀಕ್ಷೆಯಲ್ಲಿ ಸಲ್ಲಬೇಕಾಗಿದ್ದ ಒಂದು ಗಂಟೆಯನ್ನು ಕೊಡದೆ ಉತ್ತರಪತ್ರಿಕೆಯನ್ನು ತೆಗೆದುಕೊಂಡುಬಿಟ್ಟ ಪ್ರಕರಣ 2021ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಇಂಥ ಅನುಕೂಲ ಯಾರ ದಯೆಯೂ ಅಲ್ಲ, ಹಕ್ಕು ಎಂಬ ನಿಲುವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆ ಚರ್ಚೆಯನ್ನು ಅಲ್ಲಿಗೆ ಬಿಡೋಣ.

ಕನ್ನಡ ಪಾಠ ಹೇಳಿ ಜೀವಿಸುವ ನನ್ನಂಥವನನ್ನು ಕಾಡುವುದು ಮೂರನೆಯ ಅನುಕೂಲ, ಭಾಷೆಯ ವಿನಾಯಿತಿ. ಚರಿತ್ರೆಯ ತರಗತಿಯಲ್ಲಿ ಬರವಣಿಗೆ ಒಂದು ಸಾಧನ ಮಾತ್ರ. ಕನ್ನಡದ ತರಗತಿಯಲ್ಲಿ ಬರವಣಿಗೆಯೇ ವಿಷಯವೆಂದು ನಾವು ನಂಬಿದ್ದೇವೆ. ಆದ್ದರಿಂದ ಬರೆಯಲಾರದವನನ್ನು ವಿಷಯದಿಂದಲೇ ಬಿಡುಗಡೆ ಮಾಡುವುದು ಸಹಜವಾಗಿ ಕಾಣುತ್ತದೆ. ಇಂಗ್ಲಿಷ್ ಮಾಧ್ಯಮದ ಹುಡುಗ ಒಂದು ಭಾಷೆಯನ್ನು ಬಿಡಬೇಕಾಗಿ ಬಂದರೆ ಬಿಡುವ ಭಾಷೆ ಇಂಗ್ಲಿಷಂತೂ ಅಲ್ಲ.

ನಾನಿರುವ ಬಾಗಲಗುಂಟೆ ಬೆಂಗಳೂರಿನ ವಾಯವ್ಯದ ಅಂಚಿನಲ್ಲಿ, ಹೆಸರಘಟ್ಟ ರಸ್ತೆಯ ಕಡೆ ಬೆಳೆದುಕೊಂಡ ಬಡಾವಣೆ. ಪೀಣ್ಯದ ಕಾರ್ಖಾನೆಗಳನ್ನು ನಂಬಿ ತುಮಕೂರು, ಹಾಸನ, ಮಂಡ್ಯಗಳ ಕಡೆಯಿಂದ ಬಂದು ನೆಲೆಸಿದ ಸಂಸಾರಗಳು ಇಲ್ಲಿ ಬಹಳ. ಹಾಗೆ ಬಂದವರಲ್ಲಿ ಲೇತ್ ಕೆಲಸದ ಒಬ್ಬರನ್ನು ನಾನು ಬಲ್ಲೆ. ತಮ್ಮ ಊರಿನಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟಿದಾಗಲೆಲ್ಲ ಅವರದು ದುರ್ಯೋಧನನ ಪಾತ್ರ. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟದ್ದನ್ನು ಕಿವಿಯಿಂದಲೇ ಹಿಡಿದು, ಬೆಳಗಿನ ಜಾವದವರೆಗೆ ನಡೆಯುವ ಆ ನಾಟಕದಲ್ಲಿ ತಮ್ಮ ಹಾಡು ಮಾತುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ತಾಲೀಮಿಗೆ ಜೊತೆಯಲ್ಲಿ ಹೋಗುತ್ತಿದ್ದ ಮಗ ಅಪ್ಪನ ಪಾತ್ರವನ್ನಲ್ಲದೆ ಶಕುನಿಯನ್ನೂ ಭೀಮನನ್ನೂ ಕಲಿತುಕೊಂಡ. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು ಸಂಧಾನದ ಭಾಗವನ್ನೆಲ್ಲ ನಾಲ್ಕಾರು ದನಿಗಳಲ್ಲಿ ಹೇಳಿದ. ಅದೇ ಹುಡುಗ ಐದನೆಯ ತರಗತಿಯ ಪುಸ್ತಕದ ಅರ್ಧ ಪುಟ ಓದಬೇಕಾದರೆ ಹಣೆಯಲ್ಲಿ ಬೆವರಿಡುತ್ತಿತ್ತು. ಪ್ರಮಾಣಪತ್ರ ಬಂತು, ಕನ್ನಡದಿಂದ ವಿನಾಯಿತಿ ಸಿಕ್ಕಿತು. ‘ಹೋಗ್ಲಿ ಬಿಡಿ ಮೇಷ್ಟ್ರೇ, ಕನ್ನಡ ಮನೇಲಿ ಮಾತಾಡ್ತಾನಲ್ಲ, ಪಾಸಾದ್ರೆ ಸಾಕು’ ಎಂದರು ತಂದೆ. ಹುಡುಗ ಪಾಸೂ ಆದ.

ತಂದೆಯ ಮಾತಿನಲ್ಲಿ ನಾನು ತಪ್ಪು ಹುಡುಕಲಾರೆ. ಪ್ರತಿವರ್ಷ ಸೋತು ಮನೆಗೆ ಬರುವ ಮಗನ ಮುಖವನ್ನು ನೋಡಿದವರಿಗೆ ಪಾಸಾಗುವುದರ ಬೆಲೆ ಗೊತ್ತು. ಆದರೆ ದುರ್ಯೋಧನನ ಛಲದ ವಿಚಾರವಾಗಿ ಅಷ್ಟು ಮಾತನಾಡಬಲ್ಲ ಹುಡುಗನಿಗೆ ರನ್ನನ ‘ಗದಾಯುದ್ಧ’ದ ದುರ್ಯೋಧನ ಎದುರಾಗಲೇ ಇಲ್ಲ, ಇನ್ನು ಮುಂದೆ ಎದುರಾಗುವ ಸಂಭವವೂ ಕಡಮೆ. ಪರೀಕ್ಷೆಯಿಂದ ಬಿಡಿಸುವುದು ಬೇರೆ, ಪಾಠದಿಂದ ಬಿಡಿಸುವುದು ಬೇರೆ. ನಾವು ಎರಡನ್ನೂ ಒಂದೇ ಸಹಿಯಲ್ಲಿ ಮುಗಿಸುತ್ತೇವೆ. ವಿನಾಯಿತಿ ಪಡೆದ ಹುಡುಗ ಕನ್ನಡದ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನಲ್ಲೋ ಗ್ರಂಥಾಲಯದಲ್ಲೋ ಕಾಲ ಕಳೆದರೆ ಯಾರಿಗೂ ತೊಂದರೆಯಿಲ್ಲ. ಉಪಾಧ್ಯಾಯರಿಗಂತೂ ಒಂದು ಭಾರ ಇಳಿದಂತೆಯೇ. ಹುಡುಗನಿಗೆ ಕೊಟ್ಟ ವಿನಾಯಿತಿಯಲ್ಲಿ ನಮಗೆ ನಾವೇ ಕೊಟ್ಟುಕೊಂಡದ್ದು ಎಷ್ಟು ಎಂದು ಯೋಚಿಸಿದರೆ ಮನಸ್ಸಿಗೆ ಅಷ್ಟು ಸಮಾಧಾನವಾಗುವುದಿಲ್ಲ.

ಈ ಸ್ಥಿತಿಯನ್ನು ಕುರಿತ ಬಹು ಮೊದಲಿನ ವೈದ್ಯಕೀಯ ವರದಿಗಳಲ್ಲೊಂದು 1896ರಲ್ಲಿ ಪ್ರಕಟವಾಯಿತು. ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ 14 ವರ್ಷದ ಒಬ್ಬ ಹುಡುಗನ ವಿಚಾರ ಬರೆದ. ಆಟದಲ್ಲಿ, ಲೆಕ್ಕದಲ್ಲಿ ಯಾರಿಗೂ ಕಡಮೆಯಿಲ್ಲದ ಆ ಹುಡುಗನಿಗೆ ಚಿಕ್ಕ ಚಿಕ್ಕ ಪದಗಳನ್ನು ಓದುವುದೂ ಆಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನೆನಿಸಿಕೊಳ್ಳುತ್ತಿದ್ದ ಎಂದು ಅವನ ಉಪಾಧ್ಯಾಯರು ಹೇಳಿದ್ದರಂತೆ. ಆ ವರದಿಯಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ವೈದ್ಯನ ವಿವರಣೆಗಿಂತ ಹೆಚ್ಚಾಗಿ ಆ ಉಪಾಧ್ಯಾಯರ ಮಾತು.

ಕನ್ನಡಿಗರಿಗೆ ಈ ಮಾತು ಹೊಸದಾಗಿ ಕೇಳಬೇಕಾಗಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಈ ನಾಡಿನ ಜನ ವಿಶೇಷವಾಗಿ ಓದದೆಯೂ ಕಾವ್ಯದಲ್ಲಿ ನುರಿತವರೆಂದು ಮೆಚ್ಚಿದೆ. ಅದನ್ನು ನಾವು ಪ್ರತಿವರ್ಷ ರಾಜ್ಯೋತ್ಸವದ ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳಿ, ಮಾರನೆಯ ದಿನ ತರಗತಿಯಲ್ಲಿ ಮರೆಯುತ್ತೇವೆ. ಕುಮಾರವ್ಯಾಸನ ಭಾರತ ಹಳ್ಳಿ ಹಳ್ಳಿಗೆ ತಲುಪಿದ್ದು ಗಮಕಿಗಳ ಕಂಠದಿಂದ. ಕೇಳಿ ತಲೆದೂಗಿದವರಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ? ಜನಪದ ಕಾವ್ಯಗಳ ಮಾತನ್ನಂತೂ ಆಡಬೇಕಾಗಿಯೇ ಇಲ್ಲ. ಸಾಹಿತ್ಯಕ್ಕೆ ಅಕ್ಷರ ಒಂದು ಬಾಗಿಲು. ಹಳೆಯ ಬಾಗಿಲು ಇನ್ನೊಂದಿದೆ. ನಮ್ಮ ಶಾಲೆಗಳು ಅದಕ್ಕೆ ಚಿಲಕ ಹಾಕಿವೆ.

ಹಾಗೆಂದು ಓದುಬರಹ ಬೇಡವೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಬ್ಯಾಂಕಿನ ಕಾಗದ, ಔಷಧಿಯ ಚೀಟಿ, ಬಸ್ಸಿನ ಬೋರ್ಡು—ಇವು ಯಾವ ಗಮಕಿಯನ್ನೂ ಕಾಯುವುದಿಲ್ಲ. ಕಲಿಸಲೇಬೇಕು. ಆದರೆ ಕನ್ನಡದ ಅಕ್ಷರ ಸುಲಭವೆಂಬ ನಮ್ಮ ಹೆಮ್ಮೆ ಇಲ್ಲಿ ಅಡ್ಡ ಬರುತ್ತದೆ. ನುಡಿದಂತೆ ಬರೆಯುತ್ತೇವೆ, ಬರೆದಂತೆ ನುಡಿಯುತ್ತೇವೆ, ನಿಜ. ಆದರೆ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಸೇರಿಸಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು 400ಕ್ಕೂ ಹೆಚ್ಚು. ಬ ಭ, ದ ಧ, ಪ ಷ—ಒಂದು ಗೀಟಿನ ವ್ಯತ್ಯಾಸ. ‘ಸೂರ್ಯ’ ಎಂಬಲ್ಲಿ ರಕಾರ ಮೊದಲು ಕೇಳುತ್ತದೆ, ಅರ್ಕಾವೊತ್ತಾಗಿ ಬರೆದಾಗ ಕೊನೆಯಲ್ಲಿ ಬಂದು ಕೂರುತ್ತದೆ. ಇದನ್ನು ವಿಚಿತ್ರವೆಂದು ನಾವು ಎಂದಾದರೂ ಭಾವಿಸಿದ್ದೇವೆಯೇ? ಕನ್ನಡದ ಮಕ್ಕಳ ಆರಂಭದ ಓದನ್ನು ಪರಿಶೀಲಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳು ಪೂರ್ತಿ ಕೈವಶವಾಗಲು ಮೊದಲ ಒಂದು ವರ್ಷ ಸಾಲದು, ಮೂರು ನಾಲ್ಕನೆಯ ತರಗತಿಯವರೆಗೂ ಆ ಕೆಲಸ ನಡೆದೇ ಇರುತ್ತದೆ ಎಂದು ತೋರಿಸಿತು. ಸಾಮಾನ್ಯ ಮಕ್ಕಳ ಪಾಡೇ ಹೀಗೆ. ತೊಡಕಿರುವ ಮಗುವಿಗೆ ನಾವು ಎಷ್ಟು ವರ್ಷ ಕೊಡಲು ಸಿದ್ಧರಿದ್ದೇವೆ?

ವಿಧಾನಗಳಿಲ್ಲವೆಂದಲ್ಲ. 1930ರ ದಶಕದಲ್ಲಿ ಅಮೆರಿಕದ ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ ಎಂಬವರು ರೂಪಿಸಿದ ಕ್ರಮದಲ್ಲಿ ಮಗು ಅಕ್ಷರವನ್ನು ನೋಡುತ್ತದೆ, ದನಿ ಮಾಡಿ ಹೇಳುತ್ತದೆ, ಬೆರಳಿನಿಂದ ತಿದ್ದುತ್ತದೆ—ಎಲ್ಲವೂ ಒಟ್ಟಿಗೆ. ಇದನ್ನು ಓದಿದಾಗ ನಮ್ಮ ಕೂಲಿಮಠದ ಹುಡುಗರು ಮರಳಿನ ಮೇಲೆ ಬೆರಳಾಡಿಸಿ ಕೂಗಿ ಹೇಳುತ್ತ ತಿದ್ದುತ್ತಿದ್ದುದು ನೆನಪಾಗದಿರದು. ಆದರೆ ಆ ಮಠಗಳನ್ನು ಬಹಳ ಹೊಗಳುವುದೂ ಬೇಡ; ಅಕ್ಷರ ಬಾರದವನನ್ನು ಕೋದಂಡಕ್ಕೆ ಹಾಕುತ್ತಿದ್ದವರೂ ಅವರೇ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಕಡೆಯ ಮಗು ‘ಹಬ್ಬ’ವನ್ನು ‘ಅಬ್ಬ’ ಎಂದು ಬರೆದರೆ ಅದು ನ್ಯೂನತೆಯಿಂದ ಬಂದ ತಪ್ಪೋ, ಮನೆಯಲ್ಲಿ ಕೇಳಿದ ಮಾತೋ, ಸರಿಯಾಗಿ ಕಲಿಸದೆ ಬಿಟ್ಟದ್ದೋ? ಕೆಂಪು ಶಾಯಿಗೆ ಮೂರೂ ಒಂದೇ. ಇದನ್ನು ವಿಂಗಡಿಸಲು ನಿಮ್ಹಾನ್ಸ್ ಸಂಸ್ಥೆ ಸಿದ್ಧಪಡಿಸಿದ ಪರೀಕ್ಷೆಗಳಿವೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಅವನ್ನೇ ಬಳಸಲು ಹೇಳಿತು. ಆದರೆ ಮಗುವನ್ನು ಮೊದಲು ಗುರುತಿಸಿ ಅಲ್ಲಿಗೆ ಕಳುಹಿಸಬೇಕಾದವರು ತರಗತಿಯ ಉಪಾಧ್ಯಾಯರು. ಐವತ್ತು ಮಕ್ಕಳ ನಡುವೆ ನಿಂತವರಿಗೆ ಒಬ್ಬನ ‘ಅಬ್ಬ’ದ ಹಿಂದಿನ ಕಾರಣ ಹುಡುಕಲು ಬಿಡುವೆಲ್ಲಿದೆ? ದಿನಗೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವ ಬಿಡುವು ತಾಯಿತಂದೆಗಳಿಗೆಲ್ಲಿದೆ? ಹಣವಿದ್ದವರ ಮಗ ನ್ಯೂನತೆಯವನಾಗುತ್ತಾನೆ, ಇಲ್ಲದವರ ಮಗ ದಡ್ಡನಾಗಿಯೇ ಉಳಿಯುತ್ತಾನೆ.

2015ರ ಕನ್ನಡ ಭಾಷಾ ಕಲಿಕಾ ಕಾಯಿದೆಯ ಪ್ರಕಾರ ರಾಜ್ಯದ ಶಾಲೆಗಳೆಲ್ಲ ಕನ್ನಡವನ್ನು ಕಲಿಸಬೇಕು. ಬಹಳ ಸಂತೋಷ. ಆದರೆ ಒಂದು ಕಡೆ ಕಡ್ಡಾಯ, ಇನ್ನೊಂದು ಕಡೆ ವಿನಾಯಿತಿ. ಇವೆರಡರ ನಡುವೆ ಮೂರನೆಯ ದಾರಿಯೊಂದಿರಬೇಕು. ಓದಲಾರದವನಿಗೆ ಓದಿ ಹೇಳಬಹುದು. ಬರೆಯಲಾರದವನನ್ನು ಮಾತನಾಡಿಸಿ ಅಂಕ ಕೊಡಬಹುದು. ಅಕ್ಷರ ಕಲಿಸುವ ಕೆಲಸ ಅದರ ಪಾಡಿಗೆ, ಅದರ ನಿಧಾನದಲ್ಲಿ, ಬೇರೆಯಾಗಿ ನಡೆಯುತ್ತಿರಬಹುದು.

ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿಗಳು ಎರಡು ತೊಂದರೆಗಳನ್ನು ತೋರಿಸುತ್ತಾರೆ. ಬಾಯಿಪರೀಕ್ಷೆಯಲ್ಲಿ ಪಕ್ಷಪಾತಕ್ಕೆ ಎಡೆಯುಂಟು, ಮರುಮೌಲ್ಯಮಾಪನಕ್ಕೆ ಕಾಗದವೇ ಇರುವುದಿಲ್ಲ ಎಂಬುದು ಒಂದು. ಇದು ಅಲ್ಲಗಳೆಯುವಂಥದಲ್ಲ. ಆದರೆ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ಹಾಡಿಸಿ ಕೇಳಿಯೇ ಅಂಕ ಕೊಡುತ್ತ ಬಂದಿದ್ದೇವೆ. ಹಾಡನ್ನು ಸ್ವರಲಿಪಿಯಲ್ಲಿ ಬರೆದುಕೊಟ್ಟರಷ್ಟೇ ಪಾಸೆಂದು ಅಲ್ಲಿ ಯಾರೂ ಹಟ ಹಿಡಿದಿಲ್ಲ. ಈಗಂತೂ ದನಿಮುದ್ರಣ ಎಲ್ಲರ ಜೇಬಿನಲ್ಲೂ ಇದೆ. ಎರಡನೆಯ ತೊಂದರೆ ಹೊತ್ತಿನದು: ಒಬ್ಬ ಹುಡುಗ ಹೇಳುವುದನ್ನು ಕೂತು ಕೇಳಲು ಅರ್ಧ ಗಂಟೆಯಾದರೂ ಬೇಕು, ಆ ಅರ್ಧ ಗಂಟೆಯಲ್ಲಿ ಎಷ್ಟೋ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಬಹುದು. ಈ ಲೆಕ್ಕ ಸರಿಯಾಗಿದೆ. ಅದಕ್ಕೆ ಬೇಕಾದ ಅರ್ಧ ಗಂಟೆಯನ್ನು ಕೊಡಬೇಕಾದವರು ನಾವು, ಕನ್ನಡದ ಉಪಾಧ್ಯಾಯರು. ಅದಕ್ಕೆ ಸಂಬಳ ಕೊಡಬೇಕಾದದ್ದು ಸರ್ಕಾರ.