ಕೊಡ ಹೊತ್ತ ದಾರಿಯಲ್ಲಿ ಒಂದು ಆಟ

ಸತ್ತವರ ಹೆಸರಿನಲ್ಲಿ ಉಳಿದವರು ಏನನ್ನು ಮಾಡಬಹುದು, ಏನನ್ನು ಮಾಡಬಾರದು ಎಂದು ನಾನು ಮೊದಲು ಹೆಚ್ಚು ಯೋಚಿಸಿದವನಲ್ಲ. ಹೆಂಡತಿ ತೀರಿಕೊಂಡ ಮರುವರ್ಷ ಅವಳ ತವರಾದ ಸನಮಡಿಗೆ ಹೋದಾಗ ಆ ಪ್ರಶ್ನೆ ತಾನಾಗಿ ಎದುರಾಯಿತು. ಸನಮಡಿ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನದು. ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದಾಗ ಜತ್ತ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಧಾರವಾಡದಲ್ಲಿ ಓದುವಾಗ ನಮ್ಮಿಬ್ಬರನ್ನು ಹತ್ತಿರ ತಂದದ್ದು ಇದೇ ಇರಬೇಕು. ಇಬ್ಬರೂ ಕರ್ನಾಟಕಕ್ಕೆ ಹೊರಗಿನವರಾಗಿ ಬಂದ ಕನ್ನಡಿಗರು.

ಅವಳ ಅಣ್ಣನ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವನಿಗೊಂದು ಹವ್ಯಾಸ, ಜಿಯೋಕ್ಯಾಶಿಂಗ್. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಮತ್ತೊಬ್ಬರು ಫೋನು ಹಿಡಿದು ಹುಡುಕಿಕೊಂಡು ಬಂದು, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ಒಳಗಿನ ವಸ್ತು ಬೇಕೆನಿಸಿದರೆ ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ಸಮನಾದದ್ದನ್ನೋ ಹೆಚ್ಚಿನದನ್ನೋ ಇಡಬೇಕು. ಉಪಗ್ರಹದ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರಕಾರ 2000ದ ಮೇ ಆರಂಭದಲ್ಲಿ ತೆಗೆದುಹಾಕಿತು. ಮೇ 3ರಂದೇ ಡೇವ್ ಅಲ್ಮರ್ ಎಂಬಾತ ಓರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು ಬಂದ. ಆಟ ಹುಟ್ಟಿದ್ದು ಹಾಗೆ.

"ಮಾಮಾ, ಅತ್ತಿ ಹೆಸರಲೆ ಇಲ್ಲೊಂದು ದಾರಿ ಮಾಡೂಣ. ಊರಿಂದ ಹಳ್ಳದ ತನಕಾ ಐದು ಡಬ್ಬಿ" ಎಂದ ಹುಡುಗ. ಫೋನಿನಲ್ಲಿ ಸನಮಡಿಯ ಅಂಕಿಗಳನ್ನು ತೋರಿಸಿದ: ಉತ್ತರಕ್ಕೆ 17 ಡಿಗ್ರಿಯ ಆಸುಪಾಸು, ಪೂರ್ವಕ್ಕೆ 75 ಡಿಗ್ರಿ ಚಿಲ್ಲರೆ. ಕಾಸರಗೋಡಿನದು ನೋಡು ಎಂದೆ. ಅಕ್ಷಾಂಶ ಹನ್ನೆರಡೂವರೆ, ರೇಖಾಂಶ ಅದೇ 75ರ ಹತ್ತಿರ! ಅವಳು ಮೂವತ್ತೈದು ವರ್ಷ ನಮ್ಮ ಮನೆಯ ಅಂಗಳದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತಾಗಲೆಲ್ಲ ಹೆಚ್ಚುಕಡಿಮೆ ನೇರ ತವರನ್ನೇ ನೋಡುತ್ತಿದ್ದಳು. ಒಪ್ಪಿಕೊಂಡುಬಿಟ್ಟೆ.

ಒಪ್ಪದವರು ಅವಳ ಅಣ್ಣ. ರಾತ್ರಿ ರೊಟ್ಟಿ ತಿನ್ನುತ್ತ ಕುಳಿತಾಗ ಕೇಳಿದರು: "ಮಾಸ್ತರ, ಆಕಿ ನೀರು ಹೊತ್ತ ದಾರಿ ಅದು. ಅಲ್ಲಿ ಆಟಾ ಹಚ್ಚತೀರೇನು?"

ನನ್ನ ಬಳಿ ಉತ್ತರವಿರಲಿಲ್ಲ. 1972ರ ಬರದಲ್ಲಿ ಅವಳಿಗೆ ಹತ್ತು ವರ್ಷ. ಬಾವಿಗಳು ಬತ್ತಿ, ಹಳ್ಳದ ಮರಳಿನಲ್ಲಿ ವರತಿ ತೋಡಿ, ತಂಬಿಗೆಯಿಂದ ತುಂಬಿದ ಕೊಡವನ್ನು ಸಿಂಬಿಯ ಮೇಲೆ ಹೊತ್ತು ಬರಬೇಕಿತ್ತು. ದೊಡ್ಡವರು ಬರಗಾಲ ಕಾಮಗಾರಿಯಲ್ಲಿ ಖಡಿ ಒಡೆಯುತ್ತಿದ್ದರು. ತಿನ್ನಲು ಅಮೆರಿಕದಿಂದ ಬಂದ ಕೆಂಪು ಜೋಳ, ಮೈಲೋ. ಇದನ್ನೆಲ್ಲ ನಾನು ಕೇಳಿದ್ದು ಅಣ್ಣನ ಬಾಯಿಂದಲೇ. ಅವಳು ಹೇಳಿದ್ದು ತೀರ ಕಡಿಮೆ. ಮದುವೆಯಾಗಿ ಬಂದ ಮೊದಲ ದಿನ, ಗುಡ್ಡ ಕೊರೆದ ನಮ್ಮ ಸುರಂಗದಿಂದ ನೀರು ತಾನಾಗಿ ಹರಿದು ಬರುವುದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಮಳೆಗಾಲದಲ್ಲೂ ಪಾತ್ರೆ ತೊಳೆದ ನೀರನ್ನು ಬಾಳೆಯ ಬುಡಕ್ಕೇ ಹೊಯ್ಯುವಳು. ಅಷ್ಟೆ.

ಹಾಗಿರುವಾಗ ಹೊಟ್ಟೆ ತುಂಬಿದ ನಗರದವರು ಬೂಟು ಹಾಕಿಕೊಂಡು ಬಂದು ಆ ದಾರಿಯಲ್ಲಿ ಡಬ್ಬಿ ಹುಡುಕಿ ನಗುವುದಕ್ಕೆ ಅವಳ ಹೆಸರೇಕೆ? ಹೆಂಡತಿಯ ನೆನಪಿಗೆ ದಾರಿ ಮಾಡಿದವರು ಇಲ್ಲದಿಲ್ಲ. ಬಿಹಾರದ ಗೆಹ್ಲೌರ್‌ನ ದಶರಥ ಮಾಂಝಿ, ಗುಡ್ಡ ದಾಟುವಾಗ ಹೆಂಡತಿ ಬಿದ್ದು ಗಾಯಗೊಂಡ ಕಾರಣಕ್ಕೆ 1960ರಿಂದ 1982ರವರೆಗೆ ಸುತ್ತಿಗೆ ಉಳಿಗಳಿಂದ ಅದೇ ಗುಡ್ಡವನ್ನು ಕಡಿದರು. ಆ ದಾರಿಯಲ್ಲಿ ಇಂದಿಗೂ ಜನ ಓಡಾಡುತ್ತಾರೆ. ಸಾಲುಮರದ ತಿಮ್ಮಕ್ಕ 1991ರಲ್ಲಿ ಗಂಡ ತೀರಿದ ಮೇಲೂ, ಇಬ್ಬರೂ ಕೂಡಿ ಹುಲಿಕಲ್–ಕುದೂರು ರಸ್ತೆಯಲ್ಲಿ ನೆಟ್ಟ ಆಲದ ಮರಗಳನ್ನು ಕಾಯ್ದರು. 2025ರಲ್ಲಿ ಅವರೂ ಹೋದರು, ನೆರಳು ಇದೆ. ಅವೆಲ್ಲ ಪರರಿಗೆ ಉಪಯೋಗವಾಗುವ ಕೆಲಸ. ನನ್ನ ಐದು ಡಬ್ಬಿಗಳಿಂದ ಯಾರ ಬಾಯಾರಿಕೆಯೂ ತಣಿಯುವುದಿಲ್ಲ.

ಇನ್ನು ನಮ್ಮ ಹಳೆಯ ಕಲ್ಲುಗಳನ್ನು ನೋಡಿದರೆ, ಹೆಂಗಸಿನ ನೆನಪಿಗೆಂದು ಊರೂರಲ್ಲಿ ನಿಂತಿರುವುದು ಮಾಸ್ತಿಕಲ್ಲು. ಗಂಡನ ಹಿಂದೆ ಸತ್ತಳೆಂಬ ಒಂದೇ ಸಂಗತಿಗೆ ಅವಳ ಇಡೀ ಬದುಕನ್ನು ಮಡಚಿ, ಬಳೆ ತೊಟ್ಟ ಎತ್ತಿದ ಕೈಯಲ್ಲಿ ಮುಗಿಸಿಬಿಟ್ಟ ಕಲ್ಲು ಅದು. ಅದರ ಮುಂದೆ ನಿಂತಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೂ ನಾನು ಮಾಡಹೊರಟದ್ದು ಅದಕ್ಕಿಂತ ಬೇರೆಯೇ ಎಂದು ಕೇಳಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ, ಹುಚ್ಚುತನವೆನ್ನಿ, ಒಂದು ಕೊಡ ನೀರು ಹೊತ್ತು ಆ ದಾರಿಯಲ್ಲಿ ನಡೆದೆ. ತಲೆಯ ಮೇಲೆ ಇಡಲಾಗಲಿಲ್ಲ, ಹೆಗಲಿಗೇರಿಸಿಕೊಂಡೆ. ಅರ್ಧ ದಾರಿಯಲ್ಲಿ ಬೇವಿನ ಮರದ ಕೆಳಗೆ ಇಳಿಸಿ ಕುಳಿತಾಗ, ಅವಳ ವಾರಿಗೆಯ ಹೆಂಗಸೊಬ್ಬರು ಕುರಿ ಹೊಡೆದುಕೊಂಡು ಬಂದರು. ಮಾಡಗ್ಯಾಳ ತಳಿಯ, ಗಿಣಿಮೂಗಿನ ಎತ್ತರದ ಕುರಿಗಳು. ನನ್ನ ಅವತಾರ ನೋಡಿ ಸೆರಗು ಬಾಯಿಗಿಟ್ಟು ನಕ್ಕರು. "ಇಲ್ಲೇ ಇಳಸ್ತಿದ್ವಿ ನಾವೂ" ಎಂದು ಮರದ ಬುಡದ ಚಪ್ಪಟೆ ಕಲ್ಲನ್ನು ತೋರಿಸಿದರು. ಆ ಕಲ್ಲಿನ ಮೇಲೆ ಹುಡುಗಿಯರು ಕೂತು ಹಳ್ಳು ಆಡುತ್ತಿದ್ದರಂತೆ, ಐದು ಹರಳಿನ ಆಟ. ಮನೆಗೆ ತಡವಾಗಿ ಬೈಗಳು ತಿನ್ನುತ್ತಿದ್ದರಂತೆ. "ನಿಮ್ಮ ಮನೀಯವರು ಭಾಳ ಮೋಸಾ ಮಾಡ್ತಿದ್ರು ಬಿಡ್ರಿ. ಒಂದು ಹಳ್ಳು ಲಂಗದಾಗ ಮುಚ್ಚಿಡ್ತಿದ್ರು."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅಣ್ಣನ ನೆನಪಿನಲ್ಲಿ ಅವಳು ಕೊಡ ಹೊತ್ತ ಮಗು. ನನ್ನ ನೆನಪಿನಲ್ಲಿ ಸುರಂಗದ ಮುಂದೆ ನಿಂತ ಮದುಮಗಳು. ಇಬ್ಬರೂ ಪ್ರೀತಿಯಿಂದಲೇ ಅವಳನ್ನು ಅವಳ ಕಷ್ಟದೊಳಗೆ ನಿಲ್ಲಿಸಿದ್ದೆವು. ಬರವೂ ನಿಜ, ಆ ಕಳ್ಳ ಹರಳೂ ನಿಜ. ಒಂದರಿಂದ ಇನ್ನೊಂದನ್ನು ಒರೆಸಲು ನನಗೆ ಅಧಿಕಾರವಿಲ್ಲ. ಆಟವೇ ಅಗೌರವ ಎಂದು ನಾವು ದೊಡ್ಡವರು ತಿಳಿದದ್ದು. ಆ ದಾರಿಯಲ್ಲಿ ಆಟವನ್ನು ಹಚ್ಚಿದವಳು ಅವಳೇ. ಹಾಗೆಂದು ಪುಣೆಯವರ ನಗುವಿಗೂ ಆ ಹುಡುಗಿಯರ ನಗುವಿಗೂ ವ್ಯತ್ಯಾಸವಿಲ್ಲವೆಂದು ವಾದಿಸಲಾರೆ. ಹುಡುಗಿಯರ ಪಕ್ಕದಲ್ಲಿ ತುಂಬಿದ ಕೊಡವಿತ್ತು. ಕಾರ್ತಿಕದಲ್ಲಿ ದಾನಮ್ಮನ ಗುಡ್ಡಾಪುರಕ್ಕೆ ಇದೇ ತಾಲೂಕಿನ ರಸ್ತೆಗಳಲ್ಲಿ ನಡೆದು ಹೋಗುವವರೂ ಹಾಡುತ್ತಾರೆ, ಚೇಷ್ಟೆ ಮಾಡುತ್ತಾರೆ. ಆದರೆ ಅವರ ಕಾಲಿನಲ್ಲಿ ಬೊಬ್ಬೆ ಎದ್ದಿರುತ್ತದೆ.

ಕೊನೆಗೆ ಮಾಡಿದ್ದಿಷ್ಟು. ಡಬ್ಬಿ ಐದಲ್ಲ, ಮೂರು. ಕೊಡ ಇಳಿಸುತ್ತಿದ್ದ ಮೂರು ಕಡೆ. ಹೊಲದವರ ಒಪ್ಪಿಗೆ ಬೇಕು, ನೆಲ ಅಗೆಯಬಾರದು, ಎರಡರ ನಡುವೆ 161 ಮೀಟರಾದರೂ ಇರಬೇಕು ಎಂಬುದು ಆಟದ ನಿಯಮ. ಹಳ್ಳದಲ್ಲಿ ಏನನ್ನೂ ಇಡಲಿಲ್ಲ. ವಿವರಣೆಯನ್ನು ಹುಡುಗ ಮರಾಠಿಯಲ್ಲಿ ಬರೆದ. ಮನೆಯಲ್ಲಿ ಆಡುವುದೆಲ್ಲ ಕನ್ನಡ, ಬರೆಯಲು ಕುಳಿತರೆ ಕೈ ಮರಾಠಿಗೆ ಹೋಗುತ್ತದೆ; ನಮ್ಮ ಮನೆಗಳಲ್ಲೂ ಇದು ಹೊಸತಲ್ಲ. ಕನ್ನಡದ್ದು ನಾನು ಬರೆದೆ, ಮಲಯಾಳದ ನಾಲ್ಕು ಸಾಲು ಮಗಳು. ಬರದ ವರ್ಷವನ್ನೂ ಮೋಸದ ಹರಳನ್ನೂ ಒಟ್ಟಿಗೇ ಬರೆದೆವು. ಪ್ರತಿ ಡಬ್ಬಿಯಲ್ಲೂ ಐದೈದು ಹಳ್ಳು ಹಾಕಿದೆವು.

ಬೇವಿನ ಮರ ಭಾವನವರ ಹೊಲದ ಬದುವಿನಲ್ಲಿದೆ. ಅವರು ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಡಬ್ಬಿ ಇಡುವಾಗ ಜೊತೆಗೆ ಬರಲಿಲ್ಲ. ಊರಿಗೆ ಮರಳಿ ಹದಿನೈದು ದಿನವಾಗಿರಬೇಕು, ಫೋನು ಮಾಡಿದರು. ಮಳೆಯ ಸುದ್ದಿ, ದಾಳಿಂಬೆಯ ರೋಗ, ಎಲ್ಲ ಆಯಿತು. ಇಡುವ ಮುನ್ನ ಹೇಳಿದರು: "ಮಾಸ್ತರ, ಆ ಬೇವಿನ ಬುಡದಾಗಿಂದು, ಸಾಲಿ ಹುಡುಗ್ಯಾರು ಹಳ್ಳು ಒಯ್ದಾರ. ಹಳ್ಳದಿಂದ ಐದು ಆರಿಸಿ ತಂದು ಹಾಕೇನಿ."