ತೋರಿಸಿಕೊಳ್ಳದ ವೇಗ

ಮರ್ಸಿಡಿಸ್-ಬೆಂಜ್ 500 ಇ ಎಂಬ ಸೆಡಾನ್ ಕಾರು ಮೊದಲು ಕಾಣಿಸಿಕೊಂಡದ್ದು 1990ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ. ಹೊರನೋಟಕ್ಕೆ ಅದರಲ್ಲಿ ಕಣ್ಣು ಸೆಳೆಯುವಂಥದ್ದೇನೂ ಇರಲಿಲ್ಲ. ಅದರ ಮೂಲವಾದ ಡಬ್ಲ್ಯು 124 ಮಾದರಿ ಜರ್ಮನಿಯ ಊರೂರಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಗಾಡಿ. ಅದೇ ಮಾದರಿಯ ಸಾಧಾರಣ ಎಂಜಿನ್ನಿನ ಕಾರುಗಳನ್ನು 1995ರಿಂದ ಪುಣೆಯಲ್ಲೂ ಜೋಡಿಸಿದ್ದರಿಂದ ಆ ಚೌಕಾಕಾರದ ಮೈಕಟ್ಟು ಭಾರತದವರಿಗೂ ಪರಿಚಿತವೇ. ವ್ಯತ್ಯಾಸವಿದ್ದದ್ದು ಬಾನೆಟ್ಟಿನ ಕೆಳಗೆ. ಅಲ್ಲಿದ್ದದ್ದು 5 ಲೀಟರಿನ, ಎಂಟು ಸಿಲಿಂಡರಿನ, 32 ವಾಲ್ವಿನ ಎಂಜಿನ್. ಅದರ ಬಲ 326 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ 6 ಸೆಕೆಂಡಿನ ಆಸುಪಾಸು ಸಾಕಾಗುತ್ತಿತ್ತು, 250 ಕಿ.ಮೀ. ದಾಟದಂತೆ ಎಲೆಕ್ಟ್ರಾನಿಕ್ ಕಡಿವಾಣ ಹಾಕಬೇಕಾಗಿತ್ತು.

ಈ ಎಂಜಿನ್ನಿಗೂ ಅಗಲವಾದ ಚಕ್ರಗಳಿಗೂ ಜಾಗ ಮಾಡಿಕೊಡಲು ಮಡ್‌ಗಾರ್ಡುಗಳನ್ನು ಸ್ವಲ್ಪ ಉಬ್ಬಿಸಿದರು, ಮೈಯನ್ನು ಸುಮಾರು 23 ಮಿ.ಮೀ. ತಗ್ಗಿಸಿದರು. ಅಷ್ಟು ಅಗಲಕ್ಕೆ ಕಂಪನಿಯ ಮಾಮೂಲಿ ಜೋಡಣಾ ಸಾಲು ಹೊಂದಲಿಲ್ಲ. ಆಗ ಹಣಕಾಸಿನ ಮುಗ್ಗಟ್ಟಿನಲ್ಲಿದ್ದ ಪೋರ್ಷೆ ಕಂಪನಿ ಕೆಲಸ ವಹಿಸಿಕೊಂಡಿತು. ಬಿಡಿಭಾಗಗಳು ಮರ್ಸಿಡಿಸ್ ಕಾರ್ಖಾನೆಯಿದ್ದ ಜಿಂಡೆಲ್ಫಿಂಗೆನ್‌ನಿಂದ ಪೋರ್ಷೆಯವರ ಝುಫೆನ್‌ಹೌಸೆನ್‌ಗೆ ಹೋಗಿ ಅಲ್ಲಿ ಮೈ ಸಿದ್ಧವಾಗುತ್ತಿತ್ತು. ಆ ಮೈ ಬಣ್ಣಕ್ಕಾಗಿ ಜಿಂಡೆಲ್ಫಿಂಗೆನ್‌ಗೆ ವಾಪಸು ಬರುತ್ತಿತ್ತು. ಎಂಜಿನ್ ಕೂರಿಸಲು ಮತ್ತೆ ಝುಫೆನ್‌ಹೌಸೆನ್. ಒಂದೊಂದು ಕಾರಿಗೂ 18 ದಿನ ಹಿಡಿಯುತ್ತಿತ್ತು. 1995ರಲ್ಲಿ ತಯಾರಿಕೆ ನಿಂತಾಗ ಒಟ್ಟು 10,479 ಕಾರುಗಳು ಆಗಿದ್ದವು. 124ರ ಉಳಿದೆಲ್ಲ ರೂಪಗಳು ಸೇರಿ 25 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಅಂದರೆ ಸಾವಿರ ಕಾರುಗಳ ನಡುವೆ ನಾಲ್ಕು 500 ಇ ಇದ್ದರೆ ಹೆಚ್ಚು, ಅವೂ ಉಳಿದವುಗಳ ಹಾಗೆಯೇ ಕಾಣುತ್ತಿದ್ದವು.

ಈ ಬಗೆಯ ಕಾರು ಇದೊಂದೇ ಅಲ್ಲ. ಇದೇ ಕಂಪನಿ 1968ರಲ್ಲಿ ತಂದ 300 ಎಸ್‌ಇಎಲ್ 6.3, ಬಿಎಂಡಬ್ಲ್ಯುವಿನ ಮೊದಲ ಎಂ5, ಲೋಟಸ್ ಕೈಯಾಡಿಸಿದ ಒಪೆಲ್ ಒಮೇಗಾ ಎಲ್ಲವೂ ಅದೇ ಕುಲಕ್ಕೆ ಸೇರಿದವು. ಒಮೇಗಾ ಬ್ರಿಟನ್ನಿಗೆ ಬಂದಾಗ ಸಂಸಾರಸ್ಥರ ಕಾರಿಗೆ ಇಷ್ಟು ವೇಗ ಯಾತಕ್ಕೆ ಎಂದು ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ಪ್ರಶ್ನೆ ಸಾಚಾ ಆದದ್ದು. ಆದರೆ ಅದರ ಒಳಗೆ ಇನ್ನೂ ಹಳೆಯ ಪ್ರಶ್ನೆಯೊಂದಿದೆ: ಇರುವ ಶಕ್ತಿಯನ್ನು ತೋರಿಸದೆ, ಬಹುಪಾಲು ಬಳಸದೆ ಇಟ್ಟುಕೊಂಡವನನ್ನು ವಿನಯಿ ಎನ್ನಬೇಕೆ? ಸಂಯಮಿ ಎನ್ನಬೇಕೆ? ಅಥವಾ ಅವನದು ಇನ್ನೊಂದು ಜಾತಿಯ ಅಹಂಕಾರವೆ?

ಮೊದಲು ಸತ್ಯದ ವಿಷಯ. 500 ಇ ಕಾರಿನ ಡಿಕ್ಕಿಯ ಮೇಲೆ ಮಾದರಿಯ ಅಂಕೆ ಇರುತ್ತಿತ್ತು, ಕೆಲವು ಮಾಲೀಕರು ಅದನ್ನು ತೆಗೆಸಿಬಿಡುತ್ತಿದ್ದರು. ಇದು ಸುಳ್ಳಲ್ಲ. ಕೇಳದವರಿಗೆ ಹೇಳದಿರುವುದು ಮೌನ, ಮೌನಕ್ಕೆ ನೀತಿಯಲ್ಲಿ ಜಾಗವಿದೆ. ಸಣ್ಣ ಎಂಜಿನ್ನಿನ ಕಾರಿನ ಅಂಕೆಯನ್ನು ತಂದು ದೊಡ್ಡ ಎಂಜಿನ್ನಿನ ಕಾರಿಗೆ ಅಂಟಿಸಿದರೆ ಅದು ಬೇರೆ ಮಾತು. ಅಲ್ಲಿ ನೋಡುವವನ ಮನಸ್ಸಿನಲ್ಲಿ ತಪ್ಪು ತಿಳಿವಳಿಕೆಯನ್ನು ಬೇಕೆಂದೇ ಬಿತ್ತಲಾಗುತ್ತದೆ. ಸಣ್ಣ ಕಾರಿಗೆ ದೊಡ್ಡ ಅಂಕೆ ಅಂಟಿಸುವವನಿಗೂ ಇವನಿಗೂ ಆಸೆ ಬೇರೆಬೇರೆಯಾದರೂ ಮಾಡಿದ ಕೆಲಸ ಒಂದೇ. ಆದ್ದರಿಂದ ಗೆರೆಯನ್ನು ಮರೆಮಾಡುವುದಕ್ಕೂ ಬೆಳಗಿ ತೋರಿಸುವುದಕ್ಕೂ ನಡುವೆ ಎಳೆಯುವುದಕ್ಕಿಂತ, ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಎಳೆಯುವುದು ಸರಿ.

ಸುಳ್ಳಲ್ಲ ಎಂದ ಮಾತ್ರಕ್ಕೆ ಅದು ವಿನಯವೂ ಆಗಿಬಿಡುವುದಿಲ್ಲ. ಥಾರ್‌ಸ್ಟೈನ್ ವೆಬ್ಲೆನ್ ಎಂಬ ಅರ್ಥಶಾಸ್ತ್ರಜ್ಞ 1899ರಲ್ಲಿ ಪ್ರಕಟಿಸಿದ ವಿರಾಮವರ್ಗದ ಕುರಿತ ಪುಸ್ತಕದಲ್ಲಿ, ಉಳ್ಳವರು ಖರ್ಚು ಮಾಡುವುದರಲ್ಲಿ ದೊಡ್ಡ ಪಾಲು ನೋಡುವವರ ಕಣ್ಣಿಗಾಗಿ ಎಂದು ವಾದಿಸಿದ. ತೋರಿಸಿಕೊಳ್ಳದ ಕಾರು ಈ ವಾದಕ್ಕೆ ಹೊರತು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಹಾಗಿಲ್ಲ. ಬೀದಿಯ ಜನರೆಲ್ಲ ನೋಡಲಿ ಎಂಬ ಆಸೆ ಹೋದ ಜಾಗದಲ್ಲಿ, ಬಲ್ಲವರಷ್ಟೇ ಗುರುತಿಸಲಿ ಎಂಬ ಆಸೆ ಬಂದು ಕೂರಬಹುದು. ಮಡ್‌ಗಾರ್ಡಿನ ಆ ಚಿಕ್ಕ ಉಬ್ಬನ್ನು ಪೆಟ್ರೋಲ್ ಬಂಕಿನಲ್ಲಿ ಗುರುತಿಸಿ ತಲೆದೂಗುವ ಒಬ್ಬನೇ ಒಬ್ಬ ಅಪರಿಚಿತ ಕೊಡುವ ಸಂತೋಷ, ನೂರು ಜನ ತಿರುಗಿ ನೋಡಿದ್ದಕ್ಕಿಂತ ಹೆಚ್ಚು ಅಮಲೇರಿಸೀತು. ಯಾರೂ ಗುರುತಿಸದಿದ್ದರೂ ತಾನು ಎಂಥದ್ದನ್ನು ಓಡಿಸುತ್ತಿದ್ದೇನೆ ಎಂದು ತನಗೆ ಗೊತ್ತಲ್ಲ ಎಂಬ ಒಳಗಿನ ಮೆಚ್ಚುಗೆ ಇದ್ದೇ ಇರುತ್ತದೆ. ಅದನ್ನು ಕಿತ್ತುಹಾಕುವುದು ಇನ್ನೂ ಕಷ್ಟ.

ಈ ಕಷ್ಟವನ್ನು ಜೈನ ಪುರಾಣದ ಬಾಹುಬಲಿಯ ಕಥೆಯಷ್ಟು ತೀಕ್ಷ್ಣವಾಗಿ ಹಿಡಿದದ್ದು ಕಡಿಮೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಗೆದ್ದವನು ಬಾಹುಬಲಿ. ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸುವ ಶಕ್ತಿ ಇದ್ದೂ ಅಪ್ಪಳಿಸದೆ ಇಳಿಸಿದ, ರಾಜ್ಯವನ್ನೂ ಬಿಟ್ಟು ತಪಸ್ಸಿಗೆ ನಿಂತ. ಮೈಮೇಲೆ ಬಳ್ಳಿ ಹಬ್ಬಿದರೂ ಅವನಿಗೆ ಕೇವಲಜ್ಞಾನ ಒದಗಲಿಲ್ಲ. ಶ್ವೇತಾಂಬರ ಸಂಪ್ರದಾಯದ ಕಥೆಯಲ್ಲಿ ಸೋದರಿಯರಾದ ಬ್ರಾಹ್ಮಿ, ಸುಂದರಿ ಬಂದು ಎಚ್ಚರಿಸಿದ ಮೇಲೆಯೇ ತನ್ನೊಳಗೆ ಅಭಿಮಾನ ಇನ್ನೂ ಉಳಿದಿದೆ ಎಂಬುದು ಅವನಿಗೆ ಹೊಳೆಯುತ್ತದೆ. ಶಕ್ತಿಯನ್ನು ತಡೆದು ನಿಲ್ಲಿಸುವುದು ಒಂದು ಸಾಧನೆ, ತಡೆದವನು ತಾನು ಎಂಬ ಹೆಮ್ಮೆಯನ್ನು ಬಿಡುವುದು ಇನ್ನೊಂದು. ಮೊದಲನೆಯದು ದಕ್ಕಿದವನಿಗೇ ಆ ಹೆಮ್ಮೆ ಅಡ್ಡ ಬರುತ್ತದೆ ಎಂಬುದು ಈ ಕಥೆಯ ದೊಡ್ಡ ಕಾಣ್ಕೆ.

ರೋಮಿನ ತತ್ವಜ್ಞಾನಿ ಸೆನೆಕಾ ಇದೇ ವಿಷಯಕ್ಕೆ ಬೇರೆ ದಾರಿಯಿಂದ ಬಂದ. ಗೆಳೆಯ ಲುಸಿಲಿಯಸ್‌ನಿಗೆ ಬರೆದ ಐದನೆಯ ಪತ್ರದಲ್ಲಿ ಅವನು, ತತ್ವಜ್ಞಾನಿಯಾದವನು ಹರಕು ಬಟ್ಟೆ ತೊಟ್ಟು ಗಡ್ಡ ಕೆದರಿಕೊಂಡು ಎದ್ದು ಕಾಣಬಾರದು, ಒಳಗೆ ಬೇರೆಯಾಗಿದ್ದರೂ ಹೊರಗೆ ಎಲ್ಲರಂತೆಯೇ ಇರಬೇಕು ಎನ್ನುತ್ತಾನೆ. ಬೆಳ್ಳಿ ತಟ್ಟೆಯಲ್ಲಿ ಉಂಡರೂ ಅದನ್ನು ಮಣ್ಣಿನ ತಟ್ಟೆಯೆಂಬಂತೆ ಕಾಣಬಲ್ಲವನ ಮನಸ್ಸನ್ನು ಅವನು ಮೆಚ್ಚುತ್ತಾನೆ. ಸೆನೆಕಾ ಸ್ವತಃ ಭಾರಿ ಶ್ರೀಮಂತ, ಅದಕ್ಕಾಗಿ ಅವನ ಕಾಲದಿಂದಲೂ ಟೀಕೆ ಕೇಳಿದವನು. ಆದರೂ ಅವನು ಕೊಟ್ಟ ಅಳತೆಗೋಲು ಗಟ್ಟಿಯಾದದ್ದು. ವಸ್ತು ಇದೆಯೇ ಇಲ್ಲವೇ ಎನ್ನುವುದಕ್ಕಿಂತ, ಅದು ನಾಳೆ ಇಲ್ಲವಾದರೆ ಇವನು ಯಾರಾಗಿ ಉಳಿಯುತ್ತಾನೆ ಎಂಬುದು ಅಲ್ಲಿ ಪರೀಕ್ಷೆಗೆ ಬೀಳುತ್ತದೆ.

ಇನ್ನು ಬಳಸದ ಶಕ್ತಿಯ ವಿಚಾರ. ಕಟ್ಟುತ್ತಿರುವಾಗ ಮಾತ್ರ ಒಬ್ಬನಿಗೆ ಕಟ್ಟುವ ಸಾಮರ್ಥ್ಯ ಇರುತ್ತದೆ, ಕೈ ಬಿಟ್ಟ ಕೂಡಲೇ ಇರುವುದಿಲ್ಲ ಎಂದು ಪ್ರಾಚೀನ ಗ್ರೀಸಿನ ಮೆಗಾರಾ ಪಂಥದವರು ವಾದಿಸುತ್ತಿದ್ದರು. ಅರಿಸ್ಟಾಟಲ್ ತನ್ನ 'ಮೆಟಾಫಿಸಿಕ್ಸ್' ಗ್ರಂಥದಲ್ಲಿ ಇದನ್ನು ಖಂಡಿಸಿದ: ಹಾಗಾದರೆ ಕುಳಿತವನು ಎಂದೂ ಏಳಲಾರ, ಕಣ್ಣು ಮುಚ್ಚಿದವನು ಕುರುಡನಾಗುತ್ತಾನೆ. ಸಿಗ್ನಲ್ಲಿನಲ್ಲಿ ನಿಂತ 500 ಇ ಅರಿಸ್ಟಾಟಲನ ಲೆಕ್ಕದಲ್ಲಿ ವೇಗದ ಕಾರೇ ಸರಿ. ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಬೆಂಕಿಯ ಶಕ್ತಿ ಒಂದೇ ದಿಕ್ಕಿನದು, ಸುಡುವುದಷ್ಟೇ ಅದಕ್ಕೆ ಗೊತ್ತು. ವಿವೇಕ ಬೆರೆತ ಶಕ್ತಿಗೆ ಎರಡು ದಿಕ್ಕು, ವೈದ್ಯನಿಗೆ ಗುಣಪಡಿಸಲೂ ಬರುತ್ತದೆ, ಕೆಡಿಸಲೂ ಬರುತ್ತದೆ. ಯಾವ ಕಡೆಗೆ ತಿರುಗಬೇಕು ಎಂಬುದನ್ನು ತೀರ್ಮಾನಿಸುವುದು ಆಯ್ಕೆ. ನಿಧಾನಕ್ಕೆ ಹೋಗುವುದೊಂದೇ ಸಾಧ್ಯವಿರುವ ಗಾಡಿಯಲ್ಲಿ ನಿಧಾನಕ್ಕೆ ಹೋದರೆ ಅಲ್ಲಿ ಆಯ್ಕೆಯ ಮಾತೇ ಏಳುವುದಿಲ್ಲ. 326 ಅಶ್ವಶಕ್ತಿಯನ್ನು ಬಲಗಾಲಿನ ಕೆಳಗೆ ಇಟ್ಟುಕೊಂಡು ಶಾಲೆಯ ಮುಂದೆ 30ರಲ್ಲಿ ಹೋಗುವವನು ಪ್ರತಿ ಸಲವೂ ಆಯ್ಕೆ ಮಾಡುತ್ತಿದ್ದಾನೆ.

ಸಂಯಮಕ್ಕೆ ಅವಕಾಶ ಬೇಕೆಂದೇ ಪ್ರಲೋಭನೆಯನ್ನು ಮನೆಗೆ ತರಬೇಕು ಎಂಬ ಅರ್ಥ ಮಾತ್ರ ಇದರಿಂದ ಹೊರಡುವುದಿಲ್ಲ. ಆ ತರ್ಕ ಹಿಡಿದರೆ ಎಂಥ ಅಪಾಯವನ್ನೂ ಸಮರ್ಥಿಸಿಕೊಳ್ಳಬಹುದು. ಪ್ಲೇಟೋನ 'ರಿಪಬ್ಲಿಕ್' ಗ್ರಂಥದ ಎರಡನೆಯ ಭಾಗದಲ್ಲಿ ಗ್ಲೌಕಾನ್ ಹೇಳುವ ಉಂಗುರದ ಕಥೆ ಇಲ್ಲಿ ನೆನಪಿಗೆ ಬರಬೇಕು. ಲಿಡಿಯಾದ ಕುರುಬನೊಬ್ಬನಿಗೆ ಸಿಕ್ಕ ಉಂಗುರದ ಹರಳನ್ನು ಒಳಕ್ಕೆ ತಿರುಗಿಸಿದರೆ ತೊಟ್ಟವನು ಅದೃಶ್ಯನಾಗುತ್ತಾನೆ. ಅವನು ರಾಜನನ್ನೇ ಕೊಂದು ಸಿಂಹಾಸನ ಏರುತ್ತಾನೆ. ಯಾರೂ ಕಾಣದಿದ್ದರೆ ನ್ಯಾಯವಂತನೂ ಹೀಗೇ ಮಾಡಿಯಾನು ಎಂಬುದು ಗ್ಲೌಕಾನನ ಸವಾಲು. ಉಂಗುರವಿದ್ದರೂ ಇಲ್ಲದಿದ್ದರೂ ನ್ಯಾಯವಾಗಿ ನಡೆಯುವುದೇ ಆತ್ಮಕ್ಕೆ ಹಿತ ಎಂದು ಉತ್ತರ ಕೊಡಲು ಸಾಕ್ರಟೀಸನಿಗೆ ಗ್ರಂಥದ ಕೊನೆಯವರೆಗೂ ಬೇಕಾಗುತ್ತದೆ.

ತೋರಿಸಿಕೊಳ್ಳದ ಕಾರು ಆ ಉಂಗುರದ ಚಿಕ್ಕ ತುಣುಕು. ಕೆಂಪು ಬಣ್ಣದ, ನೆಲಕ್ಕಂಟಿದ, ಗದ್ದಲದ ಸ್ಪೋರ್ಟ್ಸ್ ಕಾರು ಬರುತ್ತಿದ್ದರೆ ರಸ್ತೆ ದಾಟುವವನು ಹೆಜ್ಜೆ ಹಿಂದಿಡುತ್ತಾನೆ, ಪೊಲೀಸರೂ ಕಣ್ಣಿಡುತ್ತಾರೆ. ಟ್ಯಾಕ್ಸಿಯಂತೆ ಕಾಣುವುದರ ಬಗ್ಗೆ ಯಾರೂ ಹುಷಾರಾಗುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ, 200ರಲ್ಲಿ 56 ಮೀಟರ್. ಚಲನಶಕ್ತಿ ಮಾತ್ರ ಎರಡು ಪಟ್ಟಾಗದೆ ನಾಲ್ಕು ಪಟ್ಟಾಗುತ್ತದೆ. ಬ್ರೇಕು ಕರಗಿಸಬೇಕಾದದ್ದೂ, ಡಿಕ್ಕಿಯಾದರೆ ಮನುಷ್ಯರ ಮೈ ತಾಳಿಕೊಳ್ಳಬೇಕಾದದ್ದೂ ಅದನ್ನೇ. ಜರ್ಮನಿಯ ಆಟೋಬಾನ್‌ಗಳಲ್ಲಿ ಇಂದಿಗೂ ಎಲ್ಲೆಡೆಗೂ ಅನ್ವಯಿಸುವ ವೇಗಮಿತಿ ಇಲ್ಲ, 130 ಕಿ.ಮೀ. ಎಂಬುದು ಸಲಹೆ ಮಾತ್ರ. ಅಲ್ಲಿ ಕಾನೂನು ಸುಮ್ಮನಿದ್ದರೂ ಮುಂದಿನ ಗಾಡಿಯವನು ಕನ್ನಡಿಯಲ್ಲಿ ಕಂಡ ಸಾಧಾರಣ ಮುಖವನ್ನು ನೋಡಿ ದೂರವನ್ನು ತಪ್ಪಾಗಿ ಅಂದಾಜಿಸುವ ಸಾಧ್ಯತೆ ಇದ್ದೇ ಇದೆ. ಆ ತಪ್ಪಿನ ಬೆಲೆ ತೆರುವವನು ಅವನೂ ಹೌದು. ಹಾಗಾಗಿ ಶಕ್ತಿಯನ್ನು ಮರೆಮಾಡಿ ಇಟ್ಟುಕೊಂಡವನ ಹೊಣೆ ತೋರಿಸಿಕೊಂಡು ತಿರುಗುವವನ ಹೊಣೆಗಿಂತ ಹೆಚ್ಚು. ಇತರರು ಎಚ್ಚರವಹಿಸಲು ಬೇಕಾದ ಸುಳಿವನ್ನು ಅವನು ಅಳಿಸಿದ್ದಾನೆ, ಅವರ ಪಾಲಿನ ಎಚ್ಚರವೂ ಅವನ ತಲೆಗೇ ಬರುತ್ತದೆ.

ಸಂಸಾರದ ಕಾರು ಎಂಬ ಅಂಶ ಪ್ರವೇಶಿಸುವುದು ಇಲ್ಲಿ, ಇದು ಬರೀ ನೆಪವಲ್ಲ. ಹಿಂದಿನ ಸೀಟಿನಲ್ಲಿ ಮಗು ನಿದ್ದೆಹೋಗಿದೆ, ಪಕ್ಕದಲ್ಲಿ ಅಜ್ಜಿ ಕೂತಿದ್ದಾಳೆ, ಮಳೆ ಸುರಿಯುತ್ತಿದೆ, ಎದುರಿಗೆ ನೀರೆರಚುತ್ತ ಉದ್ದನೆಯ ಲಾರಿ ಹೋಗುತ್ತಿದೆ. ದುರ್ಬಲ ಎಂಜಿನ್ನಿನ ಕಾರು ಅದನ್ನು ದಾಟಲು ಎದುರು ಬರುವವರ ಹಾದಿಯಲ್ಲಿ ಬಹಳ ಹೊತ್ತು ಇರಬೇಕಾಗುತ್ತದೆ. ಬಲವಾದ ಎಂಜಿನ್ ಆ ಹೊತ್ತನ್ನು ಮೊಟಕುಗೊಳಿಸುತ್ತದೆ. ದೊಡ್ಡ ಬ್ರೇಕುಗಳು, ಹೊರೆ ಹೆಚ್ಚಾದರೂ ಹಿಂಭಾಗವನ್ನು ಮಟ್ಟಸವಾಗಿಡುವ ಸಸ್ಪೆನ್ಷನ್, ಗಟ್ಟಿಯಾದ ಮೈಕಟ್ಟು ಇವುಗಳಿಂದ ಆಗುವ ಉಪಕಾರವನ್ನು ಅಲ್ಲಗಳೆಯಲಾಗದು. ಇಲ್ಲಿ ಶಕ್ತಿ ಓಡಿಸುವವನ ಆನಂದದ ಸ್ವತ್ತಾಗಿ ಉಳಿಯದೆ ಕೂತವರ ಕ್ಷೇಮಕ್ಕೆ ಮೀಸಲಾಗುತ್ತದೆ. ಕೂತವರು ಇದಕ್ಕಿಂತ ದೊಡ್ಡದೊಂದನ್ನು ಮಾಡುತ್ತಾರೆ: ಅವನಿಗೆ ಮಿತಿ ಹಾಕುತ್ತಾರೆ. ತಿರುವಿನಲ್ಲಿ ಅಜ್ಜಿಯ ತಲೆ ಎಷ್ಟು ಬಾಗಿತು, ಬ್ರೇಕು ಒತ್ತಿದಾಗ ಮಗು ಎಚ್ಚರವಾಯಿತೇ ಎಂಬುದನ್ನು ಗಮನಿಸಿ ಓಡಿಸುವವನಿಗೆ ಬೇರೆ ಶಿಕ್ಷಕರು ಬೇಕಿಲ್ಲ. ಒಂಟಿಯಾಗಿ ಇದೇ ಕಾರು ಓಡಿಸುವಾಗಲೂ ಅದೇ ಕೈ, ಅದೇ ಕಾಲು ಇದ್ದರೆ ಆ ಮಿತಿ ಅವನ ಸ್ವಭಾವವಾಗಿದೆ ಎಂದು ತಿಳಿಯಬಹುದು. ಇಲ್ಲವಾದರೆ ಅವನು ಸಂಸಾರದ ಹೆಸರು ಹೇಳಿ ಕೊಂಡದ್ದು ತನಗೊಂದು ಆಟಿಕೆ. ಹಾಗೆ ಕೊಳ್ಳುವವರು ಬಹಳ ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ಅದು ತಿಳಿದೂ ಇರುವುದಿಲ್ಲ.

ಉಳಿದದ್ದು ಅಪರೂಪ ಎಂಬುದರ ಸಮಸ್ಯೆ. ಅಪರೂಪ ಎನ್ನುವುದು ಕಾರಿನ ಗುಣವಲ್ಲ. ಅದು ಬೇರೆಯವರ ಬಳಿ ಇಲ್ಲದಿರುವುದರಿಂದ ಬಂದದ್ದು. ಹತ್ತು ಸಾವಿರದ ಬದಲು ಹತ್ತು ಲಕ್ಷ 500 ಇ ತಯಾರಾಗಿದ್ದರೂ ಅದರ ಸ್ಟೀರಿಂಗಿನ ಹದ, ಎಂಜಿನ್ನಿನ ನಯ ಒಂದಿಷ್ಟೂ ಕುಂದುತ್ತಿರಲಿಲ್ಲ. ಅಪರೂಪವನ್ನೇ ಪ್ರೀತಿಸುವವನು ಹೀಗಾಗಿ ಇತರರ ಇಲ್ಲದಿರುವಿಕೆಯನ್ನು ಪ್ರೀತಿಸುತ್ತಿರುತ್ತಾನೆ. ಅದರ ಫಲ ಬಳಕೆಯಲ್ಲಿ ಕಾಣುತ್ತದೆ: ಬೆಲೆ ಏರಿದಂತೆಲ್ಲ ಮಳೆಯಲ್ಲಿ ಹೊರಗೆ ತೆಗೆಯಲು ಹಿಂಜರಿಕೆ, ಸೀಟಿನ ಮೇಲೆ ಮಗು ಹಾಲು ಚೆಲ್ಲಿದರೆ ಸಿಟ್ಟು. ಸಂಪತ್ತು ಇರುವುದು ಇಟ್ಟುಕೊಳ್ಳುವುದಕ್ಕಿಂತ ಬಳಸುವುದರಲ್ಲಿ ಎಂಬ ಅರಿಸ್ಟಾಟಲನ ನಿಲುವು ಇಂಥವರ ಎದುರಿಗೆ ನಿಲ್ಲುತ್ತದೆ. ಅದರ ಬದಿಯಲ್ಲೇ ಜೈನ ಆಚಾರ್ಯ ಉಮಾಸ್ವಾತಿಯ 'ತತ್ವಾರ್ಥಸೂತ್ರ'ವೂ ನಿಲ್ಲುತ್ತದೆ. ಅಲ್ಲಿ ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಅಳೆಯುವುದಿಲ್ಲ, ವಸ್ತುವಿನ ಮೇಲಿನ ಮಮಕಾರದಿಂದ ಅಳೆಯುತ್ತಾರೆ. ಹಾಗೆಂದು ಮಮಕಾರವಿಲ್ಲ ಎನ್ನುತ್ತ ಎಷ್ಟು ಬೇಕಾದರೂ ಕೂಡಿಹಾಕಲು ಜೈನಧರ್ಮ ಗೃಹಸ್ಥನನ್ನು ಬಿಡುವುದೂ ಇಲ್ಲ. ಇಷ್ಟು ಸಾಕು ಎಂದು ತನ್ನ ಸ್ವತ್ತಿಗೆ ಮೊದಲೇ ಗೆರೆ ಹಾಕಿಕೊಳ್ಳುವ ವ್ರತ ಅವನ ಐದು ಅಣುವ್ರತಗಳಲ್ಲಿ ಒಂದು.

500 ಇ ಈ ಗೆರೆಯನ್ನು ತಾನೇ ಒಂದು ಕಡೆ ಎಳೆದುಕೊಟ್ಟಿತ್ತು. ಅದರ ಹಿಂಬದಿಯಲ್ಲಿ ಇದ್ದದ್ದು ಬಿಡಿಬಿಡಿಯಾದ ಎರಡೇ ಸೀಟು, ನಡುವೆ ಮೂರನೆಯವರಿಗೆ ಜಾಗವಿರಲಿಲ್ಲ. ಎರಡನೆಯ ಮಗುವಿನ ನಂತರ ಮೂರನೆಯದು ಬಂದರೆ, ಅಥವಾ ಅಜ್ಜಿ ಜೊತೆಗೆ ಬಂದು ಉಳಿದರೆ, ಆ ಮನೆಗೆ ಕಾರು ಸಾಲದು. ಆಗ ಅದನ್ನು ಮಾರಿ ಐದು ಜನ ಕೂರುವ ಗಾಡಿ ತರುವ ಮಾಲೀಕನಿಗೆ ಅದು ಸಂಸಾರದ ಕಾರಾಗಿತ್ತು. ಅದನ್ನು ಗ್ಯಾರೇಜಿನಲ್ಲಿ ಹೊದಿಕೆಯ ಕೆಳಗೆ ಇರಿಸಿ ಇನ್ನೊಂದನ್ನೂ ಕೊಳ್ಳುವವನ ಬಳಿ ಅದು ಸಂಗ್ರಹದ ವಸ್ತುವಾಗುತ್ತದೆ, ಅದರ ನ್ಯಾಯಾನ್ಯಾಯವನ್ನು ಆ ಹೆಸರಿನಲ್ಲಿಯೇ ವಿಚಾರಿಸಬೇಕಾಗುತ್ತದೆ.