ಲಿಂಬೆಗೆ ಇನ್ನೊಂದು ಸಿಪ್ಪೆ

ವಿಜಯಪುರ ಜಿಲ್ಲೆಯ ಇಂಡಿ ಸೀಮೆಯದು ಕಾಗ್ಜಿ ಲಿಂಬೆ. ಸಿಪ್ಪೆ ಕಾಗದದಷ್ಟು ತೆಳು, ಅದಕ್ಕೇ ಆ ಹೆಸರು. ಬೇಸಿಗೆಯಲ್ಲಿ ಒಂದು ಹಣ್ಣನ್ನು ನಾಲ್ಕು ದಿನ ಹೊರಗಿಟ್ಟು ನೋಡಿ. ತೊಟ್ಟಿನ ಸುತ್ತ ಬಿಗಿ ಸಡಿಲುತ್ತದೆ, ಹಸಿರು ಹಳದಿಗೆ ತಿರುಗುತ್ತದೆ, ಅಂಗೈಯಲ್ಲಿ ಹಗುರ ಎನಿಸುತ್ತದೆ. ಸಿಪ್ಪೆಯಿಂದ ನೀರು ಆರಿಹೋಗಿದೆ. ಬರದ ವರ್ಷ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡ ಇಂಡಿ, ಸಿಂದಗಿಯ ರೈತರ ದುಡ್ಡೇ ಹೀಗೆ ಗಾಳಿಪಾಲಾಗುತ್ತದೆ.

ಸಿಪ್ಪೆಯ ಮೇಲೆ ತಿನ್ನಲು ಯೋಗ್ಯವಾದ ಇನ್ನೊಂದು ಸಿಪ್ಪೆ ಹೊದಿಸುವ ದಾರಿಯಿದೆ. ಋಣ ವಿದ್ಯುದಂಶದ ದ್ರಾವಣದಲ್ಲಿ ಅದ್ದಿ ತೊಳೆಯುವುದು, ಧನ ವಿದ್ಯುದಂಶದ ದ್ರಾವಣದಲ್ಲಿ ಅದ್ದಿ ಮತ್ತೆ ತೊಳೆಯುವುದು. ಎರಡೂ ಒಂದನ್ನೊಂದು ಸೆಳೆದುಕೊಂಡು ಪದರವಾಗಿ ಕೂರುತ್ತವೆ. 1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಗೆರೋ ಡೆಕರ್ ಈ ಕ್ರಮವನ್ನು ನೆಲೆಗೊಳಿಸಿದರು. ಇಸ್ರೇಲಿನ ವಿಜ್ಞಾನಿಗಳು ಇದೇ ಕ್ರಮದಲ್ಲಿ ಕಿತ್ತಳೆ ಜಾತಿಯ ಹಣ್ಣುಗಳಿಗೆ ಸೆಲ್ಯುಲೋಸ್ ಅಂಟು ಮತ್ತು ಕೈಟೋಸಾನ್ ಪದರ ಹಚ್ಚಿದರು. ಮೇಣ ಹಚ್ಚಿದಷ್ಟೇ ಹೊಳಪು ಬಂತು, ಆದರೆ ತೂಕ ಇಳಿಯುವುದು ಅಷ್ಟಾಗಿ ನಿಲ್ಲಲಿಲ್ಲ. ನಮಗೆ ಬೇಕಾದದ್ದು ತೂಕ. (ಕೈಟೋಸಾನ್ ಸಾಮಾನ್ಯವಾಗಿ ಸೀಗಡಿ ಚಿಪ್ಪಿನದು. ಲಿಂಬೆ ದೇವರ ಪೂಜೆಗೂ ಹೋಗುತ್ತದೆ, ಆದ್ದರಿಂದ ಅಣಬೆಯಿಂದ ತೆಗೆದದ್ದನ್ನೇ ಆರಿಸಬೇಕು.)

ತೂಕ ಉಳಿಯಲು ಯಾವ ಅಂಟು, ಎಷ್ಟು ಗಟ್ಟಿ, ಎಷ್ಟು ಹುಳಿ, ಎಷ್ಟು ಪದರ? ಬಕೆಟ್ಟಿನಲ್ಲಿ ಅದ್ದಿ ಅದ್ದಿ ನೋಡುತ್ತ ಕೂತರೆ ಹಂಗಾಮುಗಳೇ ಮುಗಿಯುತ್ತವೆ. ಇಲ್ಲಿ ಸೂಕ್ಷ್ಮದ್ರವ ಚಿಪ್ ಒದಗುತ್ತದೆ. ಬೆರಳಗಲದ ಗಾಜಿನ ತುಂಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು. ಅಷ್ಟು ಇಕ್ಕಟ್ಟಿನಲ್ಲಿ ದ್ರವದಲ್ಲಿ ಸುಳಿ ಏಳುವುದಿಲ್ಲ. ಎರಡು ಧಾರೆಗಳು ಪಕ್ಕಪಕ್ಕ ಹರಿದು ಅಂಚಿನಲ್ಲಷ್ಟೇ ನಿಧಾನ ಬೆರೆಯುತ್ತವೆ. ಹಾಗಾಗಿ ಒಂದೊಂದು ಕಾಲುವೆಗೆ ಒಂದೊಂದು ಹದ ಕೊಟ್ಟು, ಅಲ್ಲೇ ಪದರ ಕೂರಿಸಿ, ಅಲ್ಲೇ ಅದರ ದಪ್ಪ ಅಳೆಯಬಹುದು. ಖರ್ಚಾಗುವುದು ಕೆಲವೇ ಹನಿ. ಇಂಥ ಚಿಪ್ ತಯಾರಿಸುವ ಸೌಲಭ್ಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿದೆ. ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲೇ ಇದೆ. ಇವೆರಡೂ ಕೂಡಿ ಕೆಲಸ ಮಾಡಬೇಕೆಂಬುದು ನನ್ನ ಆಸೆ, ಒತ್ತಾಯವೂ ಹೌದು.

ಗಾಜು ಲಿಂಬೆಯಲ್ಲ, ನಿಜ. ಸಿಪ್ಪೆಗೆ ತನ್ನದೇ ಮೇಣವಿದೆ, ಎಣ್ಣೆಯ ಗುಳ್ಳೆಗಳಿವೆ. ಚಿಪ್ ನೂರು ಹದಗಳಲ್ಲಿ ಮೂರನ್ನು ಆರಿಸಿಕೊಡಬಹುದು. ಆ ಮೂರನ್ನೂ ಮೇ ತಿಂಗಳಲ್ಲಿ ಇಂಡಿಗೆ ತಂದು, ಈ ತೋಟಗಳ ಹಣ್ಣಿಗೇ ಹಚ್ಚಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಬಿಸಿಲಿನಲ್ಲಿ ಚೀಲ ಕಟ್ಟಿ ಓಡಾಡಿಸಿ, ನಾಲ್ಕನೇ ದಿನ ತಕ್ಕಡಿಗೆ ಹಾಕಬೇಕು.